ಮರದ ಹೋರಿಗೊಂದು ಗೋಣಿಯ ಅಂಗಿ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಬಿಸ್ಕತ್ತಿನದೊಂದು ತಗಡಿನ ಡಬ್ಬಿ ಇದೆ. ಅದರೊಳಗೆ ಬಿಸ್ಕತ್ತು ಇದ್ದದ್ದನ್ನು ನಾನು ಕಂಡಿಲ್ಲ, ನನ್ನ ಮಗಳೂ ಕಂಡಿಲ್ಲ. ಅದರಲ್ಲಿರುವುದು ಸುತಳಿ. ದಿನಸಿ ಪೊಟ್ಟಣಕ್ಕೆ ಸುತ್ತಿ ಬಂದದ್ದು, ಲಗ್ನಪತ್ರಿಕೆಯ ಕಟ್ಟಿಗೆ ಬಿಗಿದು ಬಂದದ್ದು, ಸೀರೆಯ ಪೆಟ್ಟಿಗೆಯ ಮೇಲೆ ಅಡ್ಡಡ್ಡ ಉದ್ದುದ್ದ ಹಾಯ್ದು ಬಂದದ್ದು, ಹೀಗೆ ನಾನಾ ಗೋತ್ರದ, ನಾನಾ ಬಣ್ಣದ ದಾರಗಳು ಪುಟ್ಟ ಪುಟ್ಟ ಉಂಡೆಗಳಾಗಿ ಅದರೊಳಗೆ ಸಹಬಾಳ್ವೆ ನಡೆಸಿವೆ. ನಮ್ಮ ಮನೆಯಲ್ಲಿ ಗಂಟನ್ನು ಕತ್ತರಿಸುವಂತಿಲ್ಲ, ಬಿಚ್ಚಬೇಕು. ಇದು ಅವ್ವನ ಶಾಸನ. ನೆರೆಯ ತಾಲ್ಲೂಕಿನ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಪುರಾತನ ಚಕ್ರವರ್ತಿಯೊಬ್ಬ ಬಂಡೆಯ ಮೇಲೆ ಕೆತ್ತಿಸಿದ ಶಾಸನವಿದೆ. ಹಿರಿಯರ ಮಾತು ಕೇಳಬೇಕೆಂದು ಅದು ಸಾರುತ್ತದೆಂದು ತಿಳಿದವರು ಹೇಳುತ್ತಾರೆ. ಅವ್ವನ ಶಾಸನಕ್ಕೆ ಬಂಡೆಯೂ ಇಲ್ಲ, ಉಳಿಯ ಗುರುತೂ ಇಲ್ಲ. ಆದರೆ ಪಾಲನೆಯ ದೃಷ್ಟಿಯಿಂದ ನೋಡಿದರೆ ಚಳ್ಳಕೆರೆಯ ನಮ್ಮ ಮನೆಯ ಮಟ್ಟಿಗೆ ಅದೇ ಹೆಚ್ಚು ಜಾರಿಯಲ್ಲಿರುವುದು.

ನಾನು ತರ್ಕಶಾಸ್ತ್ರದ ಉಪನ್ಯಾಸಕ. ಹೇತು, ದೃಷ್ಟಾಂತ, ಸಿದ್ಧಾಂತಗಳ ಸಿಕ್ಕುಗಳನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸಿ ಸಂಬಳ ಪಡೆಯುವವನು. ಸುತಳಿಯ ಗಂಟಿನ ಮುಂದೆ ಮಾತ್ರ ನನ್ನ ಪಾಂಡಿತ್ಯವೆಲ್ಲ ಉಗುರಿನ ತುದಿಗೆ ಬಂದು ನಿಂತು, ಉಗುರು ಮುರಿದು, ಕೊನೆಗೆ ಹಲ್ಲಿಗೆ ಏರುತ್ತದೆ. ಅವ್ವ ಹಿತ್ತಲಲ್ಲಿದ್ದಾಗ ಕದ್ದು ಬ್ಲೇಡು ಆಡಿಸಿದ್ದೂ ಉಂಟು. ಆದರೆ ಬ್ಲೇಡಿಗೆ ಸಿಕ್ಕ ದಾರದ ತುದಿ ನೆಟ್ಟಗಿರುತ್ತದೆ, ಬಿಚ್ಚಿದ ದಾರದ ತುದಿ ಕೆದರಿರುತ್ತದೆ ಎಂಬ ಪ್ರತ್ಯಕ್ಷ ಪ್ರಮಾಣದ ಮುಂದೆ ನನ್ನ ಯಾವ ವಾದವೂ ನಿಂತಿಲ್ಲ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿಯೊಂದು, ಇಂಥ ನ್ಯಾಯಾಧೀಶರೊಬ್ಬರು ಇದ್ದರೆ ನನ್ನ ಕಷ್ಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಡಬ್ಬಿ ಪೂರ್ತಿ ಬರಿದಾದದ್ದು ಒಂದೇ ಒಂದು ಸಲ, ನಮ್ಮ ಬಸವ ಮನೆ ಬಿಟ್ಟು ಹೊರಟ ದಿನ. ಬಸವ ಎಂದರೆ ಮಕ್ಕಳು ಕೂತು ತೂಗಾಡುವ ಮರದ ಹೋರಿ. ಮಗಳು ಗೌರಿ ಹುಟ್ಟಿದ ವರ್ಷ ಅಪ್ಪ ಮಾಡಿಸಿದ್ದು. ಬೇರೆ ಮನೆಗಳ ಮಕ್ಕಳು ಮರದ ಕುದುರೆಯ ಮೇಲೆ ಕೂತು ತೂಗಾಡುತ್ತಾರೆ. ನಮ್ಮ ಅಪ್ಪನಿಗೆ ಕುದುರೆಯೆಂದರೆ ಪರದೇಶಿ ಪ್ರಾಣಿ. ಕಾವಲಿನ ಸೀಮೆಯಲ್ಲಿ ಹುಟ್ಟಿದ ಕೂಸಿಗೆ ಕುದುರೆ ಯಾತಕ್ಕೆ ಎಂದು, ಬಡಗಿಯನ್ನು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಉಳ್ಳಾರ್ತಿ ಕಾವಲಿಗೆ ಹೋಗಿ, ಹುಲ್ಲಿನ ಬಯಲಿನಲ್ಲಿ ಮೇಯುತ್ತಿದ್ದ ಅಮೃತ ಮಹಲ್ ಹೋರಿಗಳನ್ನು ದೂರದಿಂದ ತೋರಿಸಿ, ಕೊಂಬು ಹೀಗೇ ಇರಬೇಕು ಎಂದು ಗಾಳಿಯಲ್ಲಿ ಕೈಯಾಡಿಸಿದರಂತೆ. ಆ ತಳಿಯ ಹೋರಿಯನ್ನು ನೋಡಿದವರಿಗೆ ಗೊತ್ತು: ಕೊಂಬುಗಳು ನೆತ್ತಿಯಿಂದ ಎದ್ದು, ಹಿಂದಕ್ಕೆ ಬಾಗಿ, ಮತ್ತೆ ಮೇಲಕ್ಕೆ ಚಿಮ್ಮಿ ಸೂಜಿಯ ಮೊನೆಯಲ್ಲಿ ಮುಗಿಯುತ್ತವೆ. ಬಡಗಿ ಅವನ್ನು ಕೆತ್ತಿ ಕೊಟ್ಟ. ಉಜ್ಜಿ ನಯಗೊಳಿಸುವ ಕೆಲಸವನ್ನು ಅಪ್ಪ ಯಾರಿಗೂ ಬಿಡಲಿಲ್ಲ. ದಿನಾ ಸಂಜೆ ಜಗುಲಿಯಲ್ಲಿ ಕೂತು ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದರು, ಅವ್ವ ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದಳು. ಮೊಮ್ಮಗಳು ಅದರ ಮೇಲೆ ಕೂತದ್ದನ್ನು ಅಪ್ಪ ನೋಡಿದರು, ಬಹಳ ದಿನ ನೋಡಲಿಲ್ಲ.

ಗೌರಿ ಬೆಳೆದು ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ಅವಳ ಓದಿಗೊಂದು ಮೇಜು ಬೇಕಾಯಿತು, ಮೇಜಿಗೊಂದು ಮೂಲೆ ಬೇಕಾಯಿತು. ಮನೆಯಲ್ಲಿದ್ದ ಒಂದೇ ಮೂಲೆಯನ್ನು ಬಸವ ಆಕ್ರಮಿಸಿದ್ದ. ನೆಂಟರ ಮಕ್ಕಳಿಗೆ ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೀವು ನಮ್ಮ ನೆಂಟರನ್ನು ಕಂಡಿಲ್ಲ. ಅಕ್ಕನ ಮೊಮ್ಮಗನಿಗೆ ಕೊಟ್ಟರೆ ಚಿಕ್ಕಪ್ಪನ ಮನೆಯವರು ನಮ್ಮ ಮನೆಯ ನೀರು ಮುಟ್ಟುವುದಿಲ್ಲ. ಚಿಕ್ಕಪ್ಪನ ಮನೆಗೆ ಕೊಟ್ಟರೆ ಸೋದರಮಾವ ಮುಂದಿನ ಮದುವೆಗೆ ಮುಖ ಊದಿಸಿಕೊಂಡು ಬರುತ್ತಾರೆ. ಒಂದು ಹೋರಿಯನ್ನು ಏಳು ಮನೆಗೆ ಹಂಚುವ ತರ್ಕ ನನ್ನ ಶಾಸ್ತ್ರದಲ್ಲೂ ಇರಲಿಲ್ಲ. ಗುರುತೇ ಇಲ್ಲದವರಿಗೆ ಮಾರಿಬಿಟ್ಟರೆ ಯಾರಿಗೂ ಮುನಿಸಿಲ್ಲ ಎಂಬ ಉಪಾಯ ಗೌರಿಯದು.

ಅವಳು ಬಸ್ ನಿಲ್ದಾಣದ ಹತ್ತಿರದ ಇಂಟರ್‌ನೆಟ್ ಅಂಗಡಿಗೆ ನನ್ನನ್ನು ಕರೆದೊಯ್ದಳು. ಆಗಷ್ಟೇ ಜನ ಹಳೆಯ ಸಾಮಾನುಗಳನ್ನು ಕಂಪ್ಯೂಟರಿನಲ್ಲಿ ಮಾರಾಟಕ್ಕಿಡುವುದನ್ನು ಕಲಿಯುತ್ತಿದ್ದರು. ಜಾಲವೆಂದರೆ ಮೀನು ಹಿಡಿಯುವುದಕ್ಕೆಂದು ತಿಳಿದಿದ್ದ ನಾನು, ಅದರಲ್ಲಿ ಹೋರಿ ಬಿಡುವ ದಿನ ಬಂತಲ್ಲ ಎಂದು ಬೆರಗಾಗಿ ಅವಳ ಹಿಂದೆ ಕೂತೆ. ಆ ತಾಣದವರಿಗೆ ಆಟಿಕೆಗಳಲ್ಲಿ ಕುದುರೆ ಗೊತ್ತಿತ್ತು, ಕರಡಿ ಗೊತ್ತಿತ್ತು, ಮೋಟಾರು ಗೊತ್ತಿತ್ತು, ಹೋರಿ ಗೊತ್ತಿರಲಿಲ್ಲ. ಕುದುರೆಯ ಸಾಲಿನಲ್ಲೇ ಬಸವನ ಫೋಟೋ ಏರಿತು. ಮೊದಲ ಫೋನು ರಾಂಪುರದಿಂದ ಬಂತು. ಯಾರ ಬಾಯಿಂದ ಯಾರ ಕಿವಿಗೆ ಹೋಗಿತ್ತೋ, ಆ ಹಿರಿಯರು ಬಹಳ ಗಂಭೀರವಾಗಿ, ಹೋರಿಗೆ ಎಷ್ಟು ಹಲ್ಲಾಗೈತ್ರೀ, ನೊಗ ಕಟ್ಟಿ ಹೂಡಿದ್ದೀರಾ ಎಂದು ಕೇಳಿದರು. ಮರದ್ದು ಎಂದು ನಾನು ಹೇಳಿದ ಮೇಲೆ, ಹಂಗಾದ್ರೆ ಮೇವಿನ ಖರ್ಚು ಇಲ್ಲ ಬಿಡ್ರಿ ಎಂದು ಸಮಾಧಾನ ಹೇಳಿ ಇಟ್ಟರು.

ಆಮೇಲೆ ಬಂದದ್ದು ರಾಯಚೂರಿನ ಕರೆ. ಶಾರದಾ ಎಂಬ ಶಾಲಾ ಶಿಕ್ಷಕಿ. ಅವರ ಪುಟ್ಟ ಮಗಳು ಅಮ್ಮನ ತೊಡೆಯ ಮೇಲೆ ಕೂತು ಕಂಪ್ಯೂಟರು ನೋಡುವಾಗ ಬಸವನ ಫೋಟೋ ಕಂಡು, ಅದು ಬರುವ ತನಕ ತಾನು ಬಾಗಿಲಲ್ಲೇ ಕೂತಿರುತ್ತೇನೆಂದು ಹಟ ಹಿಡಿದಿದ್ದಳಂತೆ. ಬೆಲೆಯ ಮಾತನ್ನು ಗೌರಿಯೇ ಮುಗಿಸಿದಳು. ಲಾರಿಗೆ ಹಾಕಿ ಕಳಿಸುವುದೆಂದು ನಿಶ್ಚಯವಾಯಿತು. ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೇಳುತ್ತಿದ್ದ ಅವ್ವ ಆಗ ಬಾಯಿ ಬಿಟ್ಟಳು. "ಕಳಿಸ್ತೀಯಾ ಕಳಿಸು. ನಾನು ಅಡ್ಡ ಬರಲ್ಲ. ಕೂಸು ಇರೋ ಮನೆಗೆ ಹೋಗ್ತೈತೆ, ಒಳ್ಳೇದೆ. ಆದ್ರೆ ಆ ಕೊಂಬು ನಿಮ್ಮಪ್ಪನ ಕೈಯಾಗ ನುಣುಪಾಗಿದ್ದು. ಒಂದು ಕೊಂಬು ಮುಕ್ಕಾದ್ರೂ ನಾನು ತಡ್ಕಳಲ್ಲ. ಮಾತು ಕೊಡ್ತೀಯಾ?"

ನಾನು ಕೊಟ್ಟೆ. ತರ್ಕ ಓದಿದವನು ಕೊಡಬಾರದ ಮಾತು ಅದು. ನನ್ನ ಕೈಯಿಂದ ಬಿಟ್ಟ ಮೇಲೆ ನನ್ನ ಹಿಡಿತದಲ್ಲಿ ಇರದ ವಸ್ತುವಿಗೆ ನಾನು ಹೊಣೆಯಾಗುವುದು ಹೇಗೆ? ಆದರೆ ಅವ್ವ ಅಪ್ಪನ ಹೆಸರೆತ್ತಿ ಕೇಳುವುದು ಬಹಳ ಅಪರೂಪ. ಆ ಹೆಸರು ಬಂದಾಗ ನನಗೆ ವಾದ ಹೊಳೆಯುವುದಿಲ್ಲ.

ಈಗ ಕಟ್ಟುವ ಪ್ರಶ್ನೆ. ಇಲ್ಲಿ ನಮ್ಮ ಮನೆಯ ಎರಡು ದರ್ಶನಗಳನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಅವ್ವ ಚಳ್ಳಕೆರೆಯ ಕಂಬಳಿ ವ್ಯಾಪಾರಿಗಳ ಮನೆಯ ಮಗಳು. ನನ್ನ ಹೆಂಡತಿ ವಿಶಾಲಾಕ್ಷಿ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಗಡಿಯವರ ಮಗಳು. ಕಂಬಳಿಯ ಮನೆಯವರು ಏನನ್ನು ಕಟ್ಟಿದರೂ ಅದುಮಿ, ತುಳಿದು, ಬಿಗಿದು, ಗೋಣಿಯಲ್ಲಿ ಹೊಲಿದು ಕಟ್ಟುತ್ತಾರೆ. ಒಳಗೆ ಗಾಳಿಯೂ ಉಳಿಯಬಾರದು. ರೇಷ್ಮೆಯ ಮನೆಯವರು ಏನನ್ನು ಕಟ್ಟಿದರೂ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಮಡಿಕೆಯ ಮೇಲೆ ಮಡಿಕೆ ಬೀಳದಂತೆ ಇಟ್ಟು, ಪೆಟ್ಟಿಗೆಗೆ ಉಸಿರಾಡಲು ಜಾಗ ಬಿಡುತ್ತಾರೆ. ಈ ದ್ವೈತದ ನಡುವೆ ಸಂಸಾರ ಮಾಡುತ್ತಿರುವ ನನಗೆ ಊರಿಗೆ ಹೊರಡುವಾಗೆಲ್ಲ ಎರಡು ಬ್ಯಾಗು ಸಿದ್ಧವಾಗುತ್ತವೆ: ಒಂದರಲ್ಲಿ ಎಲ್ಲವೂ ಹಿಡಿಯುತ್ತದೆ, ಇಸ್ತ್ರಿ ಉಳಿಯುವುದಿಲ್ಲ, ಇನ್ನೊಂದರಲ್ಲಿ ಇಸ್ತ್ರಿ ಉಳಿಯುತ್ತದೆ, ಏನೂ ಹಿಡಿಯುವುದಿಲ್ಲ.

ವಿಶಾಲಾಕ್ಷಿ ಹೋರಿಗೊಂದು ಮರದ ಪೆಟ್ಟಿಗೆ ಮಾಡಿಸೋಣವೆಂದಳು. ಆದರೆ ಆ ಕೊಂಬುಗಳನ್ನೂ, ಅಡಿಯ ಬಾಗಿದ ಪಟ್ಟಿಗಳನ್ನೂ ಒಳಗೊಳ್ಳುವ ಪೆಟ್ಟಿಗೆ ಮಾಡಿದರೆ ಅದರೊಳಗೆ ಹೋರಿಯ ಜೊತೆ ನಾನೂ ರಾಯಚೂರಿಗೆ ಹೋಗಬಹುದಿತ್ತು. ಹೀಗಾಗಿ ಕಂಬಳಿಯ ಪಕ್ಷ ಗೆದ್ದಿತು. ಅವ್ವ ಸೆರಗು ಸಿಕ್ಕಿಸಿ, ಕನ್ನಡಕ ಏರಿಸಿ, ತವರಿನಿಂದ ತಂದಿದ್ದ ದಬ್ಬಣ ಹಿಡಿದು ಅಂಗಳಕ್ಕೆ ಇಳಿದಳು. ಎಣ್ಣೆ ಮಿಲ್ಲಿನಿಂದ ತರಿಸಿದ ಶೇಂಗಾ ಸಿಪ್ಪೆಯನ್ನು ಹಳೆಯ ದಿಂಬಿನ ಚೀಲಗಳಿಗೆ ತುಂಬಿ ಹೊಟ್ಟೆಯ ಕೆಳಗೆ, ಕಾಲುಗಳ ನಡುವೆ ತುರುಕಿದಳು. ಕೊಂಬುಗಳಿಗೆ ಬಿಡಿ ಉಣ್ಣೆ ಸುತ್ತಿದಳು. ಆಮೇಲೆ ಪೆಟ್ಟಿಗೆಯಿಂದ ಅಪ್ಪನ ಕರಿ ಕಂಬಳಿಯನ್ನು ತೆಗೆದು ತಂದಳು. ಅದನ್ನು ಕಳಿಸಿಬಿಡೋದಾ ಅತ್ತೆ ಎಂದು ವಿಶಾಲಾಕ್ಷಿ ಮೆಲ್ಲಗೆ ಕೇಳಿದ್ದಕ್ಕೆ, "ಹೊದ್ಕಳೋರು ಇಲ್ಲ. ಪೆಟ್ಟಿಗ್ಯಾಗ ನುಸಿ ತಿನ್ನೋ ಬದ್ಲಿ ಹೋರಿಗಾದ್ರೂ ಬೆಚ್ಚಗಿರ್ಲಿ" ಎಂದು ಹೋರಿಯ ಬೆನ್ನಿಗೆ ಹೊದಿಸಿ, ಕುತ್ತಿಗೆಯ ತನಕ ಎಳೆದು ಸರಿಮಾಡಿದಳು. ಅದರ ಮೇಲೆ ಗೋಣಿ, ಗೋಣಿಯ ಮೇಲೆ ಹೊಲಿಗೆ. ಡಬ್ಬಿಯಲ್ಲಿದ್ದ ಅಷ್ಟೂ ಸುತಳಿ ಒಂದಕ್ಕೊಂದು ಗಂಟು ಹಾಕಿಕೊಂಡು ದಬ್ಬಣದ ಕಣ್ಣಿನೊಳಗೆ ಹಾಯ್ದು ಹೋಯಿತು. ಕೊನೆಗೆ ಅವಳು ತವರಿನ ಪದ್ಧತಿಯಂತೆ ನಾಲ್ಕು ಮೂಲೆಗೂ ಎತ್ತುವವರಿಗೆ ಹಿಡಿಕೆಯಾಗಲೆಂದು ಗೋಣಿಯ ಕಿವಿ ಬಿಟ್ಟು ಬಿಗಿದಳು. ಕೊಂಬೂ ಇಲ್ಲ, ಬಾಲವೂ ಇಲ್ಲ, ಎಲ್ಲ ಅಡಗಿ, ಅಚ್ಚುಕಟ್ಟಾದ ದೊಡ್ಡ ಕಂಬಳಿ ಪಿಂಡಿಯೊಂದು ನಮ್ಮ ಅಂಗಳದಲ್ಲಿ ಕೂತಿತ್ತು. ಓಣಿಯವರು ಬಂದು ನೋಡಿ ಮೆಚ್ಚಿದರು. ಅವ್ವನ ಮುಖದಲ್ಲಿ ಅಂಥ ಗೆಲುವನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಕೈಗಾಡಿಯಲ್ಲಿ ಹಾಕಿಸಿಕೊಂಡು ಲಾರಿ ಆಫೀಸಿಗೆ ಹೋದೆ. ಮೊಳಕಾಲ್ಮೂರು, ರಾಂಪುರ, ಬಳ್ಳಾರಿ ದಾಟಿ ರಾಯಚೂರಿಗೆ ಹೋಗುವ ಲಾರಿ ನಿಂತಿತ್ತು. ರಸೀದಿ ಮಾಡಿಸಿ, ಕರ್ತವ್ಯ ಮುಗಿದ ತೃಪ್ತಿಯಲ್ಲಿ ಎದುರಿನ ಅಂಗಡಿಯ ಬೆಂಚಿನ ಮೇಲೆ ಚಹ ಹಿಡಿದು ಕೂತೆ. ಹಮಾಲರು ಸರಕು ಏರಿಸುತ್ತಿದ್ದರು. ಎಣ್ಣೆಯ ಡಬ್ಬಗಳನ್ನು ಹೆಗಲ ಮೇಲೆ ಹೊತ್ತು ಹುಷಾರಾಗಿ ಹತ್ತಿಸಿದರು. ಆಮೇಲೆ ಕಂಬಳಿ ಪಿಂಡಿಗಳ ಸರದಿ. ಇಬ್ಬಿಬ್ಬರು ಎದುರುಬದುರು ನಿಂತು, ಗೋಣಿಯ ಕಿವಿ ಹಿಡಿದು, ಹಿಂದೆ ಮುಂದೆ ತೂಗಿ, ಏಕಕಾಲಕ್ಕೆ ಕೈಬಿಟ್ಟರೆ ಪಿಂಡಿ ಗಾಳಿಯಲ್ಲಿ ಒಂದು ಸುತ್ತು ಹಾಕಿ ಲಾರಿಯ ಮೇಲೆ ದೊಪ್ಪೆಂದು ಬೀಳುತ್ತಿತ್ತು. ಅವರ ತೋಳಿನ ಲಯವನ್ನು ಮೆಚ್ಚುತ್ತ ನಾನು ಚಹ ಗುಟುಕರಿಸಿದೆ. ಮೂರನೆಯದೋ ನಾಲ್ಕನೆಯದೋ ಹಾರುವಾಗ, ಅದರ ಹೊಲಿಗೆಯಲ್ಲಿ ನಾನಾ ಬಣ್ಣದ ಸುತಳಿ ಇದ್ದದ್ದು ಕಣ್ಣಿಗೆ ಬಿತ್ತು.

ಗ್ಲಾಸು ಕೆಳಗಿಟ್ಟು ಓಡಿದೆ. ಹಮಾಲರ ಹಿರಿಯ ಇಮಾಮಣ್ಣ, ನಮ್ಮ ಓಣಿಗೆ ಪರಿಚಿತನೇ, ಟವೆಲಿನಿಂದ ಮುಖ ಒರೆಸುತ್ತ ನಿಂತಿದ್ದ. ಅದು ಕಂಬಳಿಯಲ್ಲ, ಒಳಗೆ ಮರದ ಹೋರಿ ಇದೆ ಎಂದು ನಾನು ಏದುಸಿರು ಬಿಡುತ್ತ ಹೇಳಿದಾಗ ಅವನಿಗೆ ನಂಬಿಕೆಯೇ ಬರಲಿಲ್ಲ. "ಹೊಲಿಗೆ ನೋಡಿದ್ರೆ ಖಾಸ್ ಕಂಬ್ಳಿ ಮಾಲು ಐತಲ್ಲ ಸಾರ್. ಕಂಬ್ಳಿ ಎಸೆದ್ರೆ ಏನಾಗ್ತೈತೆ? ಮೊದ್ಲೇ ಹೇಳಬಾರ್ದಾ?" ಎಂದು ತಾನೇ ನೊಂದುಕೊಂಡ. ಅಷ್ಟರಲ್ಲಿ ನಮ್ಮ ಪಿಂಡಿಯ ಮೇಲೆ ಹತ್ತಾರು ಪಿಂಡಿ ಬಿದ್ದಿದ್ದವು. ಹೊತ್ತಾಯಿತೆಂದು ಚಾಲಕ ಹಗ್ಗ ಬಿಗಿಸಿದ. ಲಾರಿ ಹೊರಟೇಹೋಯಿತು, ನನ್ನ ಮಾತನ್ನೂ ಹೇರಿಕೊಂಡು.

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವ್ವ ಹಮಾಲರನ್ನು ಬೈಯುತ್ತಾಳೆ, ಇಲ್ಲವೇ ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಅವಳು ಹೊಲಿದು ಕೆಂಪಾಗಿದ್ದ ತನ್ನ ಬೆರಳುಗಳನ್ನು ನೋಡಿಕೊಂಡಳು. "ಅವರದೇನು ತಪ್ಪೈತೆ? ನಾನು ಕಂಬ್ಳಿ ಪಿಂಡಿ ಹೊಲಿದೆ, ಅವರು ಕಂಬ್ಳಿ ಪಿಂಡಿ ಎಸೆದ್ರು" ಎಂದಳು. ವಿಶಾಲಾಕ್ಷಿ ಆ ಹೊತ್ತಿನಲ್ಲಿ ತನ್ನ ಪೆಟ್ಟಿಗೆಯ ಸಿದ್ಧಾಂತವನ್ನು ನೆನಪಿಸಲಿಲ್ಲ; ಅದಕ್ಕಾಗಿ ಅವಳಿಗೆ ನಾನು ಇಂದಿಗೂ ಋಣಿ. ಅವಳು ನೇರ ಮೊಳಕಾಲ್ಮೂರಿನ ತನ್ನ ಅಣ್ಣ ಚಂದ್ರಣ್ಣನಿಗೆ ಫೋನು ಹಚ್ಚಿದಳು. ಆ ಲಾರಿ ಸೀರೆಯ ಪೆಟ್ಟಿಗೆಗಳಿಗಾಗಿ ತಮ್ಮ ಬೀದಿಯಲ್ಲಿ ತಂಗುತ್ತದೆ, ಅದನ್ನು ಹಿಡಿದು ನಿಲ್ಲಿಸುತ್ತೇನೆಂದು ಅವರು ಒಪ್ಪಿದರು. ಅವ್ವ ದಬ್ಬಣವನ್ನು ಕಾಗದದಲ್ಲಿ ಸುತ್ತಿ, ಹೊಲಿಗೆಯಲ್ಲಿ ಮಿಕ್ಕಿದ್ದ ಒಂದೆರಡು ಎಳೆ ಸುತಳಿಯೊಂದಿಗೆ ಚೀಲಕ್ಕೆ ಹಾಕಿ, ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಳು.

ಮೊಳಕಾಲ್ಮೂರಿನ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಅವ್ವ, ಪಕ್ಕದಲ್ಲಿ ನಾನು. ಹೊರಗೆ ಶೇಂಗಾ ಕಿತ್ತ ಹೊಲಗಳು, ಬಂಡೆಗಳ ಬೆಟ್ಟಗಳು, ಕುರಿ ಹಿಂಡು. ಅವ್ವ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, ಅಪ್ಪ ಕೊಂಬು ಉಜ್ಜುವಾಗ ಎಡಗೊಂಬು ಬಲಗೊಂಬಿಗಿಂತ ಒಂದು ಕೂದಲೆಳೆ ಗಿಡ್ಡವಾಯಿತೆಂದೂ, ಅದು ತನ್ನೊಬ್ಬಳಿಗೇ ಗೊತ್ತೆಂದೂ, ಯಾರಿಗೂ ಹೇಳಬೇಡ ಎಂದಿದ್ದರೆಂದೂ ಹೇಳಿದಳು. ಇಷ್ಟು ವರ್ಷ ಆ ಹೋರಿಯನ್ನು ದಿನಾ ದಾಟಿ ಓಡಾಡಿದ ನನಗೆ ಅದು ಕಂಡಿರಲಿಲ್ಲ. ನನಗೆ ಆಗ ನಿಜವಾಗಿಯೂ ಹೆದರಿಕೆಯಾಯಿತು. ಕೊಂಬು ಮುರಿದಿದ್ದರೆ ಈ ಮುದುಕಿಗೆ ಏನು ಹೇಳಲಿ, ಯಾವ ಬಡಗಿಯನ್ನು ಕರೆದು ಅದೇ ಕೂದಲೆಳೆಯ ಕೊರತೆಯನ್ನು ಮತ್ತೆ ಮಾಡಿಸಲಿ ಎಂದುಕೊಳ್ಳುತ್ತ ಅವಳ ಚೀಲ ಹಿಡಿದು ಕೂತೆ.

ದಾರಿಯ ಹೋಟೆಲುಗಳೆಲ್ಲ ಲಾರಿಯ ಚಾಲಕನಿಗೆ ನೆಂಟರಾಗಿದ್ದರಿಂದ ನಾವು ಮೊದಲು ತಲುಪಿದೆವು. ಲಾರಿ ಬಂದಾಗ ಚಂದ್ರಣ್ಣ ಕೈ ಅಡ್ಡ ಹಿಡಿದು ನಿಲ್ಲಿಸಿ, ಮೇಲಿನ ಪಿಂಡಿಗಳನ್ನು ಸರಿಸಿ, ನಮ್ಮದನ್ನು ಇಳಿಸಿ ತಮ್ಮ ಅಂಗಡಿಯ ಜಗುಲಿಯ ಮೇಲೆ ಇಡಿಸಿದರು. ಅವ್ವ ಅದರ ಮುಂದೆ ಕೂತಳು. ಕತ್ತರಿ ಕೊಡಲೇ ಎಂದು ಚಂದ್ರಣ್ಣ ಕೇಳಿದ್ದು ಅವಳ ಕಿವಿಗೆ ಬೀಳಲಿಲ್ಲ, ಬಿದ್ದಿದ್ದರೂ ಬಿದ್ದ ಹಾಗಾಗುತ್ತಿರಲಿಲ್ಲ. ದಬ್ಬಣದ ತುದಿಯಿಂದ ಒಂದೊಂದೇ ಹೊಲಿಗೆಯನ್ನು ಎಬ್ಬಿಸಿ, ಕೈ ಹಿಡಿಯುವಷ್ಟು ಬಾಯಿ ಮಾಡಿ, ಮೊಣಕೈ ತನಕ ಒಳಗೆ ತೋಳು ಇಳಿಸಿದಳು. ಕಣ್ಣು ಮುಚ್ಚಿದಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತ ನಿಂತೆವು. ಬಲಗಡೆ ಸವರಿದಳು, ಎಡಗಡೆ ಸವರಿದಳು, ಎಡಗಡೆ ಇನ್ನೊಂದು ಸಲ ಸವರಿದಳು. "ಐತೆ. ಎರಡೂ ಐತೆ" ಎಂದು ಕಣ್ಣು ಬಿಟ್ಟಾಗ ಅವು ತುಂಬಿದ್ದವು.

ಉಣ್ಣೆ ತನ್ನ ಮರ್ಯಾದೆ ಉಳಿಸಿಕೊಂಡಿತ್ತು. ಆದರೆ ಸರಕು ಇಳಿಸಿ ಏರಿಸುವ ಬಳ್ಳಾರಿ ಇನ್ನೂ ಮುಂದಿತ್ತು, ಇಳಿಸುವ ರಾಯಚೂರು ಮುಂದಿತ್ತು, ಅಲ್ಲೆಲ್ಲ ಗೋಣಿಯ ಕಿವಿ ಹಿಡಿದು ತೂಗುವ ತೋಳುಗಳಿದ್ದವು. ಚಂದ್ರಣ್ಣ ಬಣ್ಣದ ಡಬ್ಬಿ ತರಿಸಿ, ಎಸೆಯಬೇಡಿ ಎಂದು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆಸೋಣವೆಂದರು. ನಾನು ತಕ್ಷಣ ಅನುಮೋದಿಸಿದೆ. ಬರೆದದ್ದನ್ನು ಜನ ಓದುತ್ತಾರೆ, ಓದಿದಂತೆ ನಡೆಯುತ್ತಾರೆ ಎಂಬುದು ನನ್ನ ವೃತ್ತಿಯ ಮೂಲಭೂತ ಭ್ರಮೆ. ಅವ್ವ ಮಾತ್ರ, ಅದೇ ಬರಹ ಹೊತ್ತು ಲಾರಿಯಲ್ಲಿ ತಲೆಕೆಳಗಾಗಿ ಕೂತಿದ್ದ ಒಂದು ಪೆಟ್ಟಿಗೆಯನ್ನು ಗದ್ದದಿಂದ ತೋರಿಸಿದಳು. ಬಣ್ಣದ ಡಬ್ಬಿ ಒಳಗೆ ಹೋಯಿತು.

ಆಮೇಲೆ ಅವಳು ಮಾಡಿದ್ದು ಬಹಳ ಸರಳವಾದ ಕೆಲಸ. ತೆರೆದ ಬಾಯಿಯನ್ನು ಇನ್ನಷ್ಟು ಬಿಚ್ಚಿದಳು. ಉಣ್ಣೆಯನ್ನು ಬಿಡಿಸಿ ಕೊಂಬುಗಳನ್ನು ಹೊರಗೆ ತಂದಳು, ಕೊಂಬಿನ ಹಿಂದೆ ಕಿವಿ, ಹಣೆ, ಬಣ್ಣದ ಕಣ್ಣು, ಮೂತಿ. ಗೋಣಿಯ ಅಂಚನ್ನು ಒಳಕ್ಕೆ ಮಡಚಿ ಕುತ್ತಿಗೆಯ ಸುತ್ತ ಕೊರಳಪಟ್ಟಿಯ ಹಾಗೆ ಹೊಲಿದಳು. ನಾಲ್ಕು ಮೂಲೆಯ ಕಿವಿಗಳನ್ನು ಒಳಕ್ಕೆ ಹೊಲಿದು ಮುಚ್ಚಿದಳು. ಚೀಲದಿಂದ ವಿಭೂತಿ ತೆಗೆದು, ಮನೆಯಲ್ಲಿ ದಿನಾ ಬೆಳಿಗ್ಗೆ ಮಾಡುತ್ತಿದ್ದಂತೆ, ಹಣೆಗೆ ಮೂರು ಬೆರಳು ಎಳೆದಳು. ಚಂದ್ರಣ್ಣನ ಹೆಂಡತಿ ಒಳಗಿನಿಂದ ಮಗ್ಗದಲ್ಲಿ ಸೀರೆ ಕೊಯ್ದ ಮೇಲೆ ಉಳಿಯುವ ರೇಷ್ಮೆಯ ತುಂಡು ದಾರಗಳ ಕುಚ್ಚೊಂದನ್ನು ತಂದು ಕೊಂಬಿನ ಬುಡಕ್ಕೆ ಕಟ್ಟಿದರು. ಉಣ್ಣೆಯೂ ರೇಷ್ಮೆಯೂ ಹೀಗೆ ಒಂದೇ ಹೋರಿಯ ಮೈಮೇಲೆ ರಾಜಿಯಾದದ್ದನ್ನು ನೋಡಲು ವಿಶಾಲಾಕ್ಷಿ ಅಲ್ಲಿರಬೇಕಿತ್ತು.

ಹಮಾಲರು ಎತ್ತಲು ಬಂದವರು ಒಂದು ಕ್ಷಣ ನಿಂತರು. ಅದೇ ತೂಕ, ಅದೇ ಗೋಣಿ, ಅವರ ಕಣ್ಣೆದುರಿಗೇ ಇಳಿಸಿದ ಪಿಂಡಿ. ಆದರೆ ಈಗ ಅದು ಅವರನ್ನು ನೋಡುತ್ತಿತ್ತು. ಒಬ್ಬ ಚಪ್ಪಲಿ ಬಿಟ್ಟ. "ಲೇ, ಬಸವಣ್ಣ ಲೇ, ಮೆಲ್ಲಗೆ ಹಿಡಿ" ಎಂದ. ಇನ್ನೊಬ್ಬ ತೆಲುಗಿನಲ್ಲಿ "ಮೆಲ್ಲಗಾ ಪಟ್ಟುಕೋರಾ, ಕೊಮ್ಮು ಜಾಗ್ರತ್ತ" ಎಂದು ಕೊಂಬಿನ ಕಡೆ ಕೈ ಅಡ್ಡ ಇಟ್ಟ. ಚಾಲಕ ಇಳಿದು ಬಂದು ನೋಡಿ, ಇದು ಮ್ಯಾಲೆ ಬ್ಯಾಡ, ನನ್ನ ಹಿಂದ್ಲ ಸೀಟಿಗೆ ಹಾಕ್ರಿ, ಬಳ್ಳಾರ್ಯಾಗ ಇಳ್ಸೋದೂ ಬ್ಯಾಡ, ನಾನೇ ರಾಯಚೂರಿಗೆ ಮುಟ್ಟಿಸ್ತೀನಿ ಎಂದ. ಲಾರಿ ರಾಂಪುರದ ಕಡೆ ತಿರುಗಿದಾಗ ಚಾಲಕನ ಹೆಗಲ ಮೇಲಿಂದ ಬಸವ ರಸ್ತೆ ನೋಡುತ್ತಿದ್ದ. ಅವ್ವ ಕೈಯೆತ್ತಿ ಬೀಸಲಿಲ್ಲ, ಕಾಣುವ ತನಕ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು, ಚಹ ಕುಡಿಯಾನ ನಡಿ ಎಂದಳು.

ನಾನು ಆಮೇಲೆ ಈ ಪ್ರಸಂಗವನ್ನು ಬಹಳ ಸಲ ಮೆಲುಕು ಹಾಕಿದ್ದೇನೆ. ಕಾಪಾಡಬೇಕೆಂದು ನಾವು ಏನನ್ನು ಪೂರ್ತಿ ಮುಚ್ಚುತ್ತೇವೆಯೋ ಅದು ಬರೀ ಸರಕಾಗುತ್ತದೆ, ಸರಕನ್ನು ಎಸೆಯುವುದಕ್ಕೆ ಯಾರಿಗೂ ಸಂಕೋಚವಿಲ್ಲ. ಮುಖವೊಂದು ಹೊರಗೆ ಕಂಡರೆ ಅದೇ ಕೈಗಳು ಬೇರೆಯಾಗುತ್ತವೆ. ಇದನ್ನು ತರ್ಕದ ಯಾವ ಸೂತ್ರದಡಿ ತರಬೇಕೋ ನನಗೆ ತಿಳಿಯದು. ಆದರೆ ಅಂದಿನಿಂದ ತರಗತಿಯಲ್ಲಿ ಹಾಜರಿ ಕೂಗುವಾಗ ತಲೆಯೆತ್ತಿ ಹುಡುಗರ ಮುಖ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಹುಡುಗರಿಗೆ ಇದರಿಂದ ಬಹಳ ತೊಂದರೆಯಾಗಿದೆಯೆಂದು ಕೇಳಿದ್ದೇನೆ.

ರಾಯಚೂರಿನಿಂದ ಶಾರದಾ ಅವರ ಫೋನು ಬಂದಾಗ ಅವ್ವನೇ ತೆಗೆದುಕೊಂಡಳು. ಕೊಂಬು ಹ್ಯಾಗೈತೆ ಎಂದು ಕೇಳಿದಳು. ಎರಡೂ ನೆಟ್ಟಗಿವೆ ಎಂದು ತಿಳಿದ ಮೇಲೆ ಅವಳ ಎರಡನೆಯ ಪ್ರಶ್ನೆ ಏನಿರಬಹುದೆಂದು ನೀವು ಊಹಿಸಬಲ್ಲಿರಿ: "ಸುತ್ಲಿ ಬಿಚ್ಚಿದ್ರೋ, ಕತ್ತರಿಸಿದ್ರೋ?" ಆ ಕಡೆಯಿಂದ ನಗು ಕೇಳಿಸಿತು. "ಬಿಚ್ಚೂದಕ್ಕ ಈಕಿ ಬಿಡವಲ್ಲಳ್ರಿ ಅಮ್ಮಾರ. ಕತ್ತರಿ ತಂದ್ರ ಅಳ್ತಾಳ. ಅದು ಬಸವನ ಅಂಗಿ ಅಂತ, ತೆಗದ್ರ ಅವಗ ಥಂಡಿ ಆಗತದಂತ. ಹಂಗೇ ಹತ್ತಿ ಕುಂತು ಆಡ್ಲಿಕ್ಕತ್ಯಾಳ್ರಿ." ರಾಯಚೂರಿನಲ್ಲಿ ಥಂಡಿ! ಅಲ್ಲಿಯ ಬಿಸಿಲು ಗೊತ್ತಿದ್ದ ನಾನು ಪಕ್ಕದಲ್ಲಿ ಕೂತು ನಕ್ಕೆ. ಅವ್ವ ನಗಲಿಲ್ಲ. ಒಳಗೆ ಕಂಬಳಿಯೊಂದು ಇದ್ದ ಹಾಗೆ ಕೈಗೆ ಹತ್ತುತ್ತದೆ, ಮನೆಯವರದೇನಾದರೂ ಇದ್ದರೆ ಮಗು ಮಲಗಿದಾಗ ಬಿಚ್ಚಿ ತಿರುಗಿ ಕಳಿಸಲೇ ಎಂದು ಶಾರದಾ ಕೇಳಿದರು. ಅವ್ವ ಸ್ವಲ್ಪ ಹೊತ್ತು ಫೋನನ್ನು ಎದೆಗೆ ಒತ್ತಿ ಹಿಡಿದಳು. ಮತ್ತೆ ಕಿವಿಗೆ ಇಟ್ಟುಕೊಂಡು, "ಬ್ಯಾಡ್ರಿ, ಇರ್ಲಿ. ಕೂಸು ಕುಂದ್ರಾಕೆ ಮೆತ್ತಗಾಗ್ತೈತೆ. ಸುತ್ಲಿ ಸಡ್ಲಾದ್ರೆ ಮಾತ್ರ ಕತ್ತರಿಸಬ್ಯಾಡ್ರಿ, ಎಳೆದು ಬಿಗೀರಿ" ಎಂದಳು.

ಈಗ ಬಸವನ ಮೂಲೆಯಲ್ಲಿ ಗೌರಿಯ ಮೇಜಿದೆ. ಬಿಸ್ಕತ್ತಿನ ಡಬ್ಬಿ ಮತ್ತೆ ಮೆಲ್ಲಗೆ ತುಂಬುತ್ತಿದೆ. ಬ್ಲೇಡಿನ ಸಹವಾಸ ನಾನು ಬಿಟ್ಟಿದ್ದೇನೆ. ಗಂಟು ಎದುರಾದಾಗ ಅದನ್ನು ಹಾಕಿದ ಕೈ ಯಾವುದಿರಬಹುದೆಂದು ಯೋಚಿಸುತ್ತ ಕೂತರೆ ಬೆರಳಿಗೆ ಅಷ್ಟು ಅವಸರವಾಗುವುದಿಲ್ಲ. ಮೊನ್ನೆ ಪುಸ್ತಕದ ಕಟ್ಟೊಂದು ಬಂತು. ಅರ್ಧ ಗಂಟೆ ಹೆಣಗಿ, ಒಂದು ಉಗುರನ್ನು ಬಲಿಕೊಟ್ಟು, ಬಿಚ್ಚಿದ ದಾರವನ್ನು ಉಂಡೆ ಮಾಡಿ ಅವ್ವನ ಕೈಗೆ ಇಟ್ಟೆ. ಅವಳು ತುದಿ ನೋಡಿದಳು, ಕೆದರಿತ್ತು, ಸಮಾಧಾನವಾಯಿತು. ಡಬ್ಬಿಯ ಮುಚ್ಚಳ ಹಾಕುತ್ತ, ಹೋರಿಯನ್ನೂ ಕೇಳದೆ ಕಂಬಳಿಯನ್ನೂ ಕೇಳದೆ, "ರಾಯಚೂರಿಗೆ ಹೋದ ಸುತ್ಲಿ ಇನ್ನೂ ಗಟ್ಟಿ ಐತಂತಾ?" ಎಂದಳು. ಐತಂತೆ ಅವ್ವ, ಎಂದೆ.